ಹೋದದ್ದು ಫ್ಯೂಸ್, ಕೆಟ್ಟದ್ದು ಬೇರೆ: ಗೃಹೋಪಕರಣಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಥರ್ಮಲ್ ಫ್ಯೂಸ್ ಎಂಬ ಒಂದೇ ಬಿಡಿಭಾಗದ ಸುತ್ತ ಇದ್ದುದರಿಂದ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೊದಲ ಉತ್ತರ ಉದ್ದವಾಗಿದೆ. ಉಳಿದ ಉತ್ತರಗಳು ಅದನ್ನು ಆಧರಿಸಿರುವುದರಿಂದ ಅದನ್ನು ಬಿಟ್ಟು ಮುಂದೆ ಹೋಗಬೇಡಿ.

ಪ್ರಶ್ನೆ: ನಮ್ಮ ಎಲೆಕ್ಟ್ರಿಕ್ ರೈಸ್ ಕುಕ್ಕರ್ ಆರು ವರ್ಷ ಯಾವ ತಕರಾರೂ ಇಲ್ಲದೆ ನಡೆದು, ಕಳೆದ ತಿಂಗಳು ಇದ್ದಕ್ಕಿದ್ದಂತೆ ನಿಂತುಹೋಯಿತು. ದೀಪವೂ ಹತ್ತುತ್ತಿರಲಿಲ್ಲ. ರಿಪೇರಿಯವರು ತಳ ಬಿಚ್ಚಿ, ಕಿರುಬೆರಳಿನ ಉಗುರಿನಷ್ಟು ಉದ್ದದ ಲೋಹದ ಕೊಳವೆಯೊಂದನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಎರಡು ತಂತಿಗಳನ್ನು ನೇರವಾಗಿ ಹೊಸೆದು ಕೊಟ್ಟರು. ಈಗ ಅನ್ನ ಮೊದಲಿನಂತೆಯೇ ಆಗುತ್ತಿದೆ. ಹೀಗೆಯೇ ಬಳಸಬಹುದೇ? (ಓದುಗರು, ಸಾಗರ)

ಉತ್ತರ: ಬಳಸಬಾರದು. ಅವರು ಕತ್ತರಿಸಿ ತೆಗೆದದ್ದು ಥರ್ಮಲ್ ಫ್ಯೂಸ್. ಕುಕ್ಕರ್ ಮಿತಿಮೀರಿ ಕಾದಾಗ ವಿದ್ಯುತ್ತನ್ನು ತಡೆಯುವ ಕೊನೆಯ ಸಾಧನ ಅದೊಂದೇ, ಮತ್ತು ಈಗ ಅದು ನಿಮ್ಮ ಕುಕ್ಕರಿನಲ್ಲಿ ಇಲ್ಲ.

ಮೀಟರ್ ಬೋರ್ಡಿನ ಫ್ಯೂಸಿಗೂ ಇದಕ್ಕೂ ಹೆಸರಿನಲ್ಲಿ ಮಾತ್ರ ನೆಂಟಸ್ತಿಕೆ. ಬೋರ್ಡಿನ ಫ್ಯೂಸು ಕರೆಂಟ್ ಹೆಚ್ಚಾದಾಗ ಕರಗುವ ತಂತಿ. ಥರ್ಮಲ್ ಫ್ಯೂಸು ನೋಡುವುದು ಸುತ್ತಲಿನ ಶಾಖವನ್ನು. ಹಾಳಾದದ್ದೊಂದು ಕೈಗೆ ಸಿಕ್ಕರೆ ಅರದಿಂದ ನಿಧಾನವಾಗಿ ಉಜ್ಜಿ ಅದರ ಕವಚವನ್ನು ತೆರೆದು ನೋಡಿ. ಒಂದು ತುದಿಯಲ್ಲಿ ಮೇಣದಂಥ ಸಾವಯವ ರಾಸಾಯನಿಕದ ಪುಟ್ಟ ಗುಳಿಗೆ ಇದ್ದ ಜಾಗ, ಅದರ ಮುಂದೆ ಗಟ್ಟಿ ಸ್ಪ್ರಿಂಗು, ಅದರ ಮುಂದೆ ಬೆಳ್ಳಿಯ ಲೇಪವಿರುವ, ನಕ್ಷತ್ರದಂತೆ ಅಂಚು ಕತ್ತರಿಸಿದ ತೆಳುವಾದ ಬಿಲ್ಲೆ, ಕೊನೆಯಲ್ಲಿ ಇನ್ನೊಂದು ಸಣ್ಣ ಸ್ಪ್ರಿಂಗು ಕಾಣುತ್ತವೆ. ಗುಳಿಗೆ ಗಟ್ಟಿಯಾಗಿರುವವರೆಗೆ ದೊಡ್ಡ ಸ್ಪ್ರಿಂಗು ಬಿಲ್ಲೆಯನ್ನು ಎದುರಿನ ತಂತಿಯ ತುದಿಗೆ ಒತ್ತಿ ಹಿಡಿದಿರುತ್ತದೆ. ನಿಗದಿಪಡಿಸಿದ ಉಷ್ಣತೆ ಮುಟ್ಟಿದೊಡನೆ ಗುಳಿಗೆ ಕರಗಿ, ಆ ಒತ್ತಡ ಸಡಿಲವಾಗಿ, ಸಣ್ಣ ಸ್ಪ್ರಿಂಗು ಬಿಲ್ಲೆಯನ್ನು ಹಿಂದಕ್ಕೆ ತಳ್ಳಿ ಸಂಪರ್ಕವನ್ನು ಕಡಿದುಬಿಡುತ್ತದೆ. ಒಮ್ಮೆ ಕಡಿದದ್ದು ಮತ್ತೆ ಕೂಡುವುದಿಲ್ಲ. ‘ಫ್ಯೂಸ್ ಸುಟ್ಟಿದೆ’ ಎಂದು ನಾವು ಹೇಳುತ್ತೇವಾದರೂ ಅಲ್ಲಿ ಏನೂ ಸುಟ್ಟಿರುವುದಿಲ್ಲ. ಹೊರಗಿನಿಂದ ಅದು ಹೊಸದರಂತೆಯೇ ಹೊಳೆಯುತ್ತಿರುತ್ತದೆ. ಕಣ್ಣಳತೆಯಿಂದ ಪತ್ತೆಮಾಡಲಾಗದೆ ಅನೇಕರು ಇಡೀ ಉಪಕರಣವನ್ನೇ ಗುಜರಿಗೆ ಹಾಕುವುದು ಇದೇ ಕಾರಣಕ್ಕೆ.

ಇನ್ನು ನಿಮ್ಮ ಕುಕ್ಕರಿನ ಫ್ಯೂಸು ಏಕೆ ಹೋಯಿತು ಎಂಬುದು ಮುಖ್ಯ ಪ್ರಶ್ನೆ. ಪಾತ್ರೆಯ ತಳಕ್ಕೆ ತಾಗುವಂತೆ ಬಿಸಿತಟ್ಟೆಯ ನಡುವೆ ಸ್ಪ್ರಿಂಗಿನ ಮೇಲೆ ಏರಿಳಿಯುವ ಒಂದು ಬಿಲ್ಲೆ ಇರುವುದನ್ನು ನೀವು ಗಮನಿಸಿರಬಹುದು. ಅದರೊಳಗೆ ಒಂದು ಅಯಸ್ಕಾಂತ ಮತ್ತು ಸುಮಾರು 103 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಯಸ್ಕಾಂತಕ್ಕೆ ಅಂಟದಂತಾಗುವ ಫೆರೈಟ್ ತುಂಡು ಇರುತ್ತವೆ. ಪಾತ್ರೆಯಲ್ಲಿ ನೀರಿರುವವರೆಗೆ ಉಷ್ಣತೆ 100ರ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರೆಲ್ಲ ಇಂಗಿದೊಡನೆ ಅದು ಮೇಲೇರಿ, ಫೆರೈಟ್ ಹಿಡಿತ ಬಿಟ್ಟು, ಕುಕ್ಕರ್ ಚಾಲೂ ಮಾಡಲು ನೀವು ಒತ್ತಿದ್ದ ಸನ್ನೆ (ಲಿವರ್) ‘ಟಕ್’ ಎಂಬ ಸದ್ದಿನೊಂದಿಗೆ ಮೇಲಕ್ಕೆ ಹಾರುತ್ತದೆ. ಈ ವ್ಯವಸ್ಥೆ ಸರಿಯಾಗಿದ್ದಷ್ಟು ಕಾಲ ಥರ್ಮಲ್ ಫ್ಯೂಸಿಗೆ ಕೆಲಸವೇ ಇಲ್ಲ.

ಕೆಲಸ ಬರುವುದು ಎಡವಟ್ಟಾದಾಗ. ಪಾತ್ರೆ ಇಡುವಾಗ ಬಿಸಿತಟ್ಟೆಯ ಮೇಲೆ ನಾಲ್ಕು ಅಕ್ಕಿಕಾಳು ಉಳಿದಿದ್ದರೆ ಪಾತ್ರೆ ಒಂದು ಪಕ್ಕಕ್ಕೆ ವಾಲಿ, ನಡುವಿನ ಬಿಲ್ಲೆಗೆ ಸರಿಯಾಗಿ ತಾಗುವುದಿಲ್ಲ. ಉಕ್ಕಿದ ಗಂಜಿ ಬಿಲ್ಲೆಯ ಸುತ್ತ ಒಣಗಿ ಅಂಟಾದರೆ ಅದು ಏರಿಳಿಯಲಾಗದೆ ಕಚ್ಚಿಕೊಳ್ಳುತ್ತದೆ. ಪಾತ್ರೆಯ ತಳ ತಗ್ಗಿದ್ದರೂ ಇದೇ ಗತಿ. ಎಲ್ಲಕ್ಕಿಂತ ಹೆಚ್ಚು ನಾನು ಕಂಡಿರುವುದು ಇನ್ನೊಂದು: ಅದೇ ಪಾತ್ರೆಯಲ್ಲಿ ಒಗ್ಗರಣೆ ಹಾಕಿ ಈರುಳ್ಳಿ ಬಾಡಿಸುವಾಗ ಸನ್ನೆ ಪದೇ ಪದೇ ಮೇಲಕ್ಕೆ ಹಾರುತ್ತದೆಂದು ಅದನ್ನು ಚಮಚದಿಂದ ಒತ್ತಿ ಹಿಡಿದು ನಿಲ್ಲಿಸುವುದು. ಬಿಸಿತಟ್ಟೆ ಆಗ ಎಲ್ಲಿಯವರೆಗೆ ಕಾಯಬೇಕೆಂದು ಹೇಳುವವರೇ ಇಲ್ಲದೆ ಕಾಯುತ್ತದೆ. ಇವು ಯಾವುವೂ ಅಲ್ಲದಿದ್ದರೆ ಸನ್ನೆಯ ಕೆಳಗಿರುವ ಸ್ವಿಚ್ಚಿನ ಪಾಯಿಂಟುಗಳು ಕಿಡಿ ಹಾರಿ ಒಂದಕ್ಕೊಂದು ಬೆಸೆದುಕೊಂಡಿವೆಯೇ ನೋಡಬೇಕು. ಬೆಸೆದುಕೊಂಡಿದ್ದರೆ ಸನ್ನೆ ಹಾರಿದರೂ ಕರೆಂಟ್ ಕಡಿಯುವುದಿಲ್ಲ.

ಆದ್ದರಿಂದ ರಿಪೇರಿಯವರಲ್ಲಿ ಮತ್ತೆ ಹೋಗಿ, ಮೊದಲು ಈ ಸ್ವಿಚ್ಚನ್ನೂ ಬಿಲ್ಲೆಯನ್ನೂ ಪರೀಕ್ಷಿಸಿ, ಅನಂತರ ಹಳೆಯ ಫ್ಯೂಸಿನ ಮೇಲಿದ್ದ ಅಂಕಿಗಳದ್ದೇ ಹೊಸ ಫ್ಯೂಸನ್ನು ಹಾಕಿಸಿ. ಅಲ್ಲಿಯವರೆಗೆ ಅನ್ನಕ್ಕೆ ಪ್ರೆಷರ್ ಕುಕ್ಕರೇ ಇರಲಿ.

ಪ್ರಶ್ನೆ: ಪಿ.ಜಿ.ಯಲ್ಲಿರುವ ನನ್ನ ಬಳಿ 1500 ವಾಟ್‌ನ ಕೆಟಲ್ ಇದೆ. ಅದರ ತಳದ ಥರ್ಮಲ್ ಫ್ಯೂಸನ್ನು ಒಂದೇ ವರ್ಷದಲ್ಲಿ ಎರಡು ಸಲ ಬದಲಿಸಿದ್ದಾಯಿತು. ಈಗ ಮೂರನೆಯದೂ ಹೋಗಿದೆ. ಕಳಪೆ ಫ್ಯೂಸುಗಳನ್ನು ಹಾಕುತ್ತಿದ್ದಾರೆಯೇ? ಮುಖ್ಯವಾಗಿ ಹಾಲು ಕಾಯಿಸಲು, ಮ್ಯಾಗಿ ಬೇಯಿಸಲು ಬಳಸುತ್ತೇನೆ. (ವಿದ್ಯಾರ್ಥಿ, ಬೆಂಗಳೂರು)

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲೇ ಅರ್ಧ ಉತ್ತರವಿದೆ. ನೀರು ಕುದಿದಾಗ ಕೆಟಲ್ ತಾನೇ ಆಫ್ ಆಗುವುದು ಹಬೆಯಿಂದ. ಮೇಲ್ಭಾಗದ ಸಣ್ಣ ಕಿಂಡಿಯ ಮೂಲಕ ಹಬೆ ಇಳಿದು ಹಿಡಿಯ ಬಳಿಯ ದ್ವಿಲೋಹದ (ಎರಡು ಲೋಹಗಳನ್ನು ಬೆಸೆದ, ಕಾದರೆ ಬಾಗುವ) ಪಟ್ಟಿಯನ್ನು ಬಿಸಿಮಾಡಿದಾಗ ಸ್ವಿಚ್ಚು ಬೀಳುತ್ತದೆ. ಹಾಲು ಉಕ್ಕೀತೆಂಬ ಭಯದಿಂದ ನೀವು ಮುಚ್ಚಳ ತೆರೆದಿಟ್ಟು ಕಾಯಿಸುತ್ತೀರಿ ಎಂದು ನನ್ನ ಊಹೆ. ಮುಚ್ಚಳ ತೆರೆದಿದ್ದರೆ ಹಬೆ ಕಿಂಡಿಗೆ ಹೋಗದೆ ಕೋಣೆಗೆ ಹೋಗುತ್ತದೆ, ಕೆಟಲ್ ಆಫ್ ಆಗುವುದಿಲ್ಲ. ಇತ್ತ ಹಾಲು ತಳ ಹಿಡಿದು ಕಂದು ಪದರವಾಗುತ್ತದೆ. ಆ ಪದರ ಶಾಖವನ್ನು ಮೇಲಕ್ಕೆ ಬಿಡದೆ ತಡೆಯುವುದರಿಂದ ಅದರ ಕೆಳಗಿನ ಲೋಹ, ಅದಕ್ಕೆ ಒತ್ತಿಕೊಂಡಿರುವ ಫ್ಯೂಸು, ಎರಡೂ ಮಿತಿಮೀರಿ ಕಾಯುತ್ತವೆ. ಕೊಳವೆಬಾವಿಯ ಗಡಸು ನೀರನ್ನೇ ಕುದಿಸುವ ಮನೆಗಳಲ್ಲಿ ಹಾಲಿನ ಬದಲು ಸುಣ್ಣದ ಬಿಳಿ ಪದರ ಇದೇ ಕೆಲಸ ಮಾಡುತ್ತದೆ. ಅದನ್ನು ನಿಂಬೆರಸ ಅಥವಾ ವಿನಿಗರ್ ಬೆರೆಸಿದ ನೀರು ಕುದಿಸಿ ಬಿಡಿಸಬಹುದು.

ಉಳಿದರ್ಧ ಉತ್ತರ ಜೋಡಣೆಯಲ್ಲಿದೆ. 230 ವೋಲ್ಟ್‌ನಲ್ಲಿ 1500 ವಾಟ್ ಎಂದರೆ ಸುಮಾರು 6.5 ಆಂಪಿಯರ್. ಫ್ಯೂಸಿನ ಕಾಲನ್ನು ತಂತಿಗೆ ಸೇರಿಸಿದ ಕಡೆ ಸಡಿಲವಾಗಿ ಕೇವಲ 0.1 ಓಮ್‌ನಷ್ಟು ತಡೆ ಉಂಟಾದರೂ ಆ ಒಂದು ಬಿಂದುವಿನಲ್ಲಿ 4 ವಾಟ್‌ಗೂ ಹೆಚ್ಚು ಶಾಖ ಹುಟ್ಟುತ್ತದೆ. ಎಳ್ಳುಕಾಳಿನಷ್ಟು ಜಾಗದಲ್ಲಿ ಅದು ಸಣ್ಣ ಶಾಖವಲ್ಲ. ಅದು ಕಾಲಿನ ಮೂಲಕವೇ ಫ್ಯೂಸಿನ ಒಳಗೆ ಹರಿದು ಗುಳಿಗೆಯನ್ನು ಕರಗಿಸುತ್ತದೆ. ಕೆಟಲ್ ತಣ್ಣಗಿದ್ದರೂ ಫ್ಯೂಸ್ ಹೋಗಿರುತ್ತದೆ. ತೆಗೆದ ಫ್ಯೂಸಿನ ಒಂದು ಕಾಲು ಮಾತ್ರ ನೀಲಿ ಅಥವಾ ಕಪ್ಪಾಗಿ, ಪಕ್ಕದ ಸ್ಲೀವು (ತಂತಿಗೆ ತೊಡಿಸುವ ಕೊಳವೆಯಂಥ ಹೊದಿಕೆ) ಗರಿಗರಿಯಾಗಿ ಮುರಿಯುವಂತಿದ್ದರೆ ಕಾರಣ ಇದೇ ಎಂದು ತಿಳಿಯಿರಿ.

ವೋಲ್ಟೇಜನ್ನೂ ಮರೆಯಬಾರದು. ನಮ್ಮಲ್ಲಿ 230 ವೋಲ್ಟ್‌ಗೆ ಶೇ. 10ರಷ್ಟು ಏರಿಳಿತ ಸಾಮಾನ್ಯವಾಗಿ ಒಪ್ಪಿತ, ಅಂದರೆ 253ರವರೆಗೆ. ಕಾಯಿಲಿನ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 253 ವೋಲ್ಟ್‌ನಲ್ಲಿ ಶಾಖ ಶೇ. 21ರಷ್ಟು ಹೆಚ್ಚು. ಇನ್ನು ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ ಕೆಲವು ಮನೆಗಳಿಗೆ 300 ವೋಲ್ಟ್‌ಗೂ ಮೀರಿ ಬರಬಹುದು. ಅಂಥ ದಿನ ಥರ್ಮಲ್ ಫ್ಯೂಸ್ ಒಂದೇ ಹೋದರೆ ನಷ್ಟ ಕಡಿಮೆಯಾಯಿತೆಂದೇ ಲೆಕ್ಕ.

ಕಳಪೆ ಫ್ಯೂಸಿನ ಸಾಧ್ಯತೆ ಇದೆಯಾದರೂ ಮೂರು ಸಲ ಹೋದದ್ದಕ್ಕೆ ಅದನ್ನೇ ಮೊದಲು ದೂರುವುದು ಸರಿಯಲ್ಲ. ಹಾಲಿಗೆ ಬೇರೆ ಪಾತ್ರೆ ನೋಡಿಕೊಳ್ಳಿ.

ಪ್ರಶ್ನೆ: ಟೇಬಲ್ ಫ್ಯಾನ್ ಓಡುತ್ತಿದ್ದಂತೆಯೇ ನಿಂತಿತು. ‘ವೈಂಡಿಂಗ್ ಹೋಗಿದೆ, ಹೊಸದಾಗಿ ಸುತ್ತಿಸಬೇಕು’ ಎನ್ನುತ್ತಾರೆ. ಸುಟ್ಟ ವಾಸನೆ ಬರಲಿಲ್ಲ. (ಓದುಗರು, ರಾಯಚೂರು)

ಉತ್ತರ: ಸುಟ್ಟ ವಾಸನೆ ಬರಲಿಲ್ಲ ಎಂಬುದನ್ನು ನೀವು ಬರೆದದ್ದು ಒಳ್ಳೆಯದಾಯಿತು. ಬಹಳಷ್ಟು ಟೇಬಲ್ ಫ್ಯಾನುಗಳ ವೈಂಡಿಂಗಿನ, ಅಂದರೆ ಮೋಟರಿನ ತಂತಿಸುತ್ತಿನ, ಮೇಲೆ, ದಾರ ಸುತ್ತಿದ ಪದರದ ಅಡಿಯಲ್ಲಿ, 2 ಆಂಪಿಯರಿನ ಒಂದು ಪುಟ್ಟ ಥರ್ಮಲ್ ಫ್ಯೂಸು ಅಡಗಿರುತ್ತದೆ. ಸ್ವಿಚ್ ಹಾಕಿದಾಗ ಫ್ಯಾನು ಗುಂಯ್ ಎನ್ನುತ್ತಾ ತಿರುಗದಿದ್ದರೆ ಕೆಪಾಸಿಟರನ್ನೋ ಬಿಗಿದ ಬುಷ್ಷನ್ನೋ (ಶಾಫ್ಟು ತಿರುಗುವ ಲೋಹದ ಬಳೆ) ಅನುಮಾನಿಸಬೇಕು. ಸದ್ದೇ ಇಲ್ಲದಿದ್ದರೆ, ಪ್ಲಗ್ಗು, ವೈರು ಮತ್ತು ಸ್ವಿಚ್ಚು ಸರಿಯಿದ್ದ ಪಕ್ಷದಲ್ಲಿ, ಈ ಫ್ಯೂಸನ್ನು ನೋಡಬೇಕು. ಪ್ಲಗ್ ಕಿತ್ತು, ದಾರವನ್ನು ಎಚ್ಚರಿಕೆಯಿಂದ ಬಿಡಿಸಿ, ಫ್ಯೂಸಿನ ಎರಡು ಕಾಲುಗಳಿಗೆ ಮಲ್ಟಿಮೀಟರನ್ನು ಕಂಟಿನ್ಯುಯಿಟಿಯಲ್ಲಿಟ್ಟು (ಸಂಪರ್ಕ ಕಡಿದಿದೆಯೇ ನೋಡುವ ಸ್ಥಾನ) ಮುಟ್ಟಿಸಿದರೆ ‘ಬೀಪ್’ ಬರಬೇಕು. ಬರದಿದ್ದರೆ ಫ್ಯೂಸ್ ಹೋಗಿದೆ. ಆಗ ಫ್ಯೂಸಿನ ಆಚೆಯ ವೈಂಡಿಂಗನ್ನು ಅಳೆದು ನೋಡಿ. ಅದು ಕೆಲವು ನೂರು ಓಮ್ ತೋರಿಸಿದರೆ ಮರುಸುತ್ತಿನ ಖರ್ಚು ನಿಮಗೆ ಬಹುಶಃ ಉಳಿಯಿತು.

ಫ್ಯೂಸಿನ ಉಷ್ಣತೆಯ ಅಂಕಿಯನ್ನು ತಂತಿಯ ಇನ್ಸುಲೇಷನ್ ತಡೆಯುವ ಮಿತಿಗೆ ಹೊಂದಿಸಿ ತಯಾರಕರು ಆರಿಸಿರುತ್ತಾರೆ. ‘ಇ’ ವರ್ಗದ ಇನ್ಸುಲೇಷನ್ನಿಗೆ ಆ ಮಿತಿ 120 ಡಿಗ್ರಿ, ‘ಬಿ’ ವರ್ಗಕ್ಕೆ 130. ಆದ್ದರಿಂದ ಹಳೆಯದರ ಅಂಕಿಯನ್ನೇ ಪಾಲಿಸಿ. ಎರಡನೆಯ ಮಾತು: ಹೊಸ ಫ್ಯೂಸನ್ನು ಹಳೆಯದು ಇದ್ದ ಜಾಗದಲ್ಲೇ, ವೈಂಡಿಂಗಿಗೆ ಒತ್ತಿ, ಸ್ಲೀವು ಹಾಕಿ ದಾರದಿಂದ ಬಿಗಿಯಬೇಕು. ಕೈಗೆ ಸಿಗಲೆಂದು ಗಾಳಿಯಲ್ಲಿ ನೇತುಹಾಕಿದ ಫ್ಯೂಸಿಗೆ ವೈಂಡಿಂಗ್ ಸುಡುತ್ತಿರುವುದು ತಿಳಿಯುವುದೇ ಇಲ್ಲ. ಮೂರನೆಯದಾಗಿ, ಮುಂಬದಿಯ ಶಾಫ್ಟಿಗೆ ಕೂದಲು, ದಾರದ ಎಳೆ ಸುತ್ತಿಕೊಂಡಿದೆಯೇ, ಬುಷ್ಷಿನ ಎಣ್ಣೆ ಒಣಗಿದೆಯೇ ನೋಡಿ. ನಿಮ್ಮೂರಿನ ಬೇಸಿಗೆಯಲ್ಲಿ ಕೋಣೆಯೊಳಗಿನ ಗಾಳಿಯೇ 40 ಡಿಗ್ರಿಯಿರುವಾಗ, ಬುಷ್ಷು ಬಿಗಿಯಾಗಿ ನಿಧಾನಕ್ಕೆ ತಿರುಗುವ ಫ್ಯಾನಿಗೆ ತನ್ನ ಮೋಟರನ್ನು ತಣಿಸಿಕೊಳ್ಳಲೂ ಸಾಕಷ್ಟು ಗಾಳಿ ಸಿಗುವುದಿಲ್ಲ.

ಪ್ರಶ್ನೆ: ಇಸ್ತ್ರಿ ಪೆಟ್ಟಿಗೆಗೆ ನಾನೇ ಹೊಸ ಥರ್ಮಲ್ ಫ್ಯೂಸ್ ತಂದು ಬೆಸುಗೆ ಹಾಕಿದೆ. ಮೊದಲನೆಯದು ಹಾಕುತ್ತಿದ್ದಂತೆಯೇ ಹೋಯಿತು. ಎರಡನೆಯದು ಎರಡು ಅಂಗಿ ಮುಗಿಯುವಷ್ಟರಲ್ಲಿ ಕಳಚಿಬಿತ್ತು. ನನ್ನ ತಪ್ಪೇನು? (ಓದುಗರು, ಹಾಸನ)

ಉತ್ತರ: ತಪ್ಪು ಬೆಸುಗೆಯದೇ, ಎರಡೂ ಸಲ. ಬೆಸುಗೆ ಕಡ್ಡಿಯ ತುದಿ 350 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. 240 ಡಿಗ್ರಿಯ ಫ್ಯೂಸಿನ ಕಾಲಿಗೆ ಅದನ್ನು ಕೆಲವು ಕ್ಷಣ ಹಿಡಿದರೆ ಶಾಖ ಒಳಗೆ ಹರಿದು ಗುಳಿಗೆ ಅಲ್ಲೇ ಕರಗುತ್ತದೆ. ಎರಡನೆಯ ಸಲ ನೀವು ಚುರುಕಾಗಿ ಮುಗಿಸಿದ್ದೀರಿ, ಫ್ಯೂಸು ಉಳಿಯಿತು. ಆದರೆ ತವರ-ಸೀಸದ ಬೆಸುಗೆ 183 ಡಿಗ್ರಿಯಿಂದಲೇ ಮೆದುವಾಗತೊಡಗುತ್ತದೆ. ಬಟ್ಟೆಗಳ ಲೇಬಲಿನ ಮೇಲಿನ ಇಸ್ತ್ರಿ ಚಿತ್ರದಲ್ಲಿ ಮೂರು ಚುಕ್ಕಿ ಎಂದರೆ 200 ಡಿಗ್ರಿಯವರೆಗೆ ಎಂದರ್ಥ. ಹತ್ತಿಯ ಅಂಗಿಗೆ ನೀವು ಇಟ್ಟುಕೊಂಡದ್ದು ಅಷ್ಟೇ ಇರಬೇಕು. ಬೆಸುಗೆ ಕರಗಿ ಜಾರಿತು.

ಇಂಥ ಕಡೆ ಬೆಸುಗೆ ಸಲ್ಲದು, ಒತ್ತು ಜೋಡಣೆಯೇ ಆಗಬೇಕು. ಫ್ಯೂಸಿನ ಕಾಲನ್ನೂ ತಂತಿಯನ್ನೂ ಒಂದು ಲೋಹದ ಕೊಳವೆಯೊಳಗೆ ಎದುರುಬದುರಾಗಿ ತೂರಿಸಿ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ, ಅನಂತರ ಎಳೆದು ನೋಡಬೇಕು. ಮಿಸುಕಿದರೆ ಮತ್ತೆ ಒತ್ತಬೇಕು. ಕಾಲನ್ನು ಮಡಿಸುವಾಗ ಫ್ಯೂಸಿನ ಮೈಯಿಂದ ಕನಿಷ್ಠ 3 ಮಿಲಿಮೀಟರ್ ಬಿಟ್ಟು, ಬುಡವನ್ನು ಇಕ್ಕಳದಲ್ಲಿ ಹಿಡಿದು ಮಡಿಸಿ, ಇಲ್ಲದಿದ್ದರೆ ತುದಿಯನ್ನು ಮುಚ್ಚಿರುವ ಎಪಾಕ್ಸಿ ಬಿರುಕು ಬಿಡುತ್ತದೆ. ಗಮನಿಸಬೇಕಾದ ಇನ್ನೊಂದು ಸಂಗತಿ: ಈ ಬಗೆಯ ಫ್ಯೂಸಿನಲ್ಲಿ ಕರೆಂಟು ಲೋಹದ ಕವಚದ ಮೂಲಕವೇ ಹಾದುಹೋಗುತ್ತದೆ. ಕವಚ ಇಸ್ತ್ರಿಯ ಮೈಗೆ ತಾಗಿದರೆ ಶಾಕ್ ಖಂಡಿತ. ಆದ್ದರಿಂದ ಹಳೆಯದರ ಮೇಲಿದ್ದ ಗಾಜಿನ ನೂಲಿನ ಬಿಳಿ ಸ್ಲೀವನ್ನು ಎಸೆಯದೆ ಹೊಸದಕ್ಕೆ ತೊಡಿಸಿ. ಸಾಮಾನ್ಯ ಪ್ಲಾಸ್ಟಿಕ್ ಸ್ಲೀವು ಆ ಶಾಖಕ್ಕೆ ಕರಗಿಹೋಗುತ್ತದೆ. ಎಲ್ಲಕ್ಕೂ ಮೊದಲು, ಇಸ್ತ್ರಿಯ ಥರ್ಮೋಸ್ಟಾಟ್ ಕಾದ ಮೇಲೆ ‘ಟಿಕ್’ ಎಂದು ಕಡಿಯುತ್ತದೆಯೇ ನೋಡಿದಿರಾ? ಅದರ ಪಾಯಿಂಟು ಅಂಟಿದ್ದರೆ ಮೂರನೆಯ ಫ್ಯೂಸೂ ಹೋಗುತ್ತದೆ.

ಪ್ರಶ್ನೆ: ಥರ್ಮಲ್ ಫ್ಯೂಸ್ ಎಲ್ಲಿ ಸಿಗುತ್ತದೆ, ಏನೆಂದು ಕೇಳಬೇಕು? ಅಂಗಡಿಯವರು ‘ಎಲ್ಲ ಒಂದೇ ಸಾರ್, ಯಾವುದಾದರೂ ಹಾಕಿ’ ಎನ್ನುತ್ತಾರೆ. ಹಳೆಯದರ ಮೇಲಿನ ಅಕ್ಷರ ಅಳಿಸಿದ್ದರೆ ಏನು ಮಾಡುವುದು? (ಓದುಗರು, ಶಿವಮೊಗ್ಗ)

ಉತ್ತರ: ಎಲ್ಲ ಒಂದೇ ಅಲ್ಲ, ನೋಡಲು ಒಂದೇ ಥರ, ಅಷ್ಟೆ. ಕವಚದ ಮೇಲೆ ಭೂತಗನ್ನಡಿ ಹಿಡಿದರೆ ತಯಾರಕರ ಗುರುತು, ಮಾದರಿಯ ಹೆಸರು, ‘ಟಿಎಫ್’ ಎಂದು ಮುದ್ರಿಸಿದ ಉಷ್ಣತೆ, ಆಂಪಿಯರ್ ಮತ್ತು ವೋಲ್ಟ್ ಕಾಣುತ್ತವೆ. ಟಿಎಫ್ ಎಂದರೆ ಫ್ಯೂಸು ಕಡಿಯುವ ಉಷ್ಣತೆ. ತಯಾರಕರ ಪಟ್ಟಿಯಲ್ಲಿ ಇದರ ಜೊತೆಗೆ ‘ಟಿಎಚ್’ ಎಂಬ ಇನ್ನೊಂದು ಅಂಕಿ ಇರುತ್ತದೆ: ಪೂರ್ಣ ಕರೆಂಟ್ ಹರಿಯುತ್ತಿರುವಾಗ ಒಂದು ವಾರ, ಅಂದರೆ 168 ಗಂಟೆ, ಕಡಿಯದೆ ತಾಳಿಕೊಳ್ಳುವ ಗರಿಷ್ಠ ಉಷ್ಣತೆ. ಇದು ಟಿಎಫ್‌ಗಿಂತ ಸಾಕಷ್ಟು ಕೆಳಗಿರುತ್ತದೆ. ಉಪಕರಣದ ದಿನನಿತ್ಯದ ಶಾಖ ಈ ಮಿತಿಗೆ ಹತ್ತಿರವಿದ್ದರೆ ಗುಳಿಗೆ ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಸವೆದು, ಬೇರಾವ ದೋಷವೂ ಇಲ್ಲದೆ ಒಂದು ದಿನ ಫ್ಯೂಸು ಕಡಿಯುತ್ತದೆ. ಹಳೆಯ ಉಪಕರಣಗಳಲ್ಲಿ ಕಾರಣ ಸಿಗದೆ ಹೋದ ಫ್ಯೂಸುಗಳಲ್ಲಿ ಕೆಲವು ಹೀಗೆ ಮುಪ್ಪಿನಿಂದ ಹೋದವು.

ಕೊಳ್ಳುವಾಗ ಉಷ್ಣತೆಯ ಅಂಕಿ ಅದೇ ಇರಬೇಕು. ಆಂಪಿಯರ್ ಮತ್ತು ವೋಲ್ಟ್ ಹಳೆಯದಕ್ಕಿಂತ ಕಡಿಮೆ ಇರಬಾರದು, ಹೆಚ್ಚಿದ್ದರೆ ಅಡ್ಡಿಯಿಲ್ಲ. ಆಕಾರ ಹಳೆಯ ಜಾಗಕ್ಕೆ ಹೊಂದಬೇಕು. ಅದೇ ಅಂಕಿ ಸಿಗಲೇ ಇಲ್ಲವೆಂದರೆ ನಾನು ಒಂದೆರಡು ಡಿಗ್ರಿ ಕೆಳಗಿನದನ್ನು ಆರಿಸಿಯೇನು, ಮೇಲಿನದನ್ನಲ್ಲ. ಕೆಳಗಿನದು ಹಾಕಿದರೆ ಹೆಚ್ಚೆಂದರೆ ಬೇಗ ಹೋಗಿ ಬೇಸರ ತರಿಸುತ್ತದೆ. ಮೇಲಿನದು ಹಾಕಿದರೆ ಹೋಗಬೇಕಾದಾಗ ಹೋಗುವುದಿಲ್ಲ. ಕೆಲವರು ಇದರ ಬದಲು ತಣಿದ ಮೇಲೆ ತಾನೇ ಮತ್ತೆ ಕೂಡುವ ದ್ವಿಲೋಹದ ಕಟ್‌ಆಫ್ ಹಾಕಿಕೊಡುತ್ತಾರೆ, ‘ಇನ್ನು ಬದಲಿಸುವ ತಾಪತ್ರಯವೇ ಇಲ್ಲ’ ಎನ್ನುತ್ತಾರೆ. ಥರ್ಮೋಸ್ಟಾಟ್ ಕೆಟ್ಟ ಉಪಕರಣದಲ್ಲಿ ಅದು ದಿನವಿಡೀ ಕಡಿಯುತ್ತಾ ಕೂಡುತ್ತಾ ಇದ್ದು, ಕೊನೆಗೆ ಅದರ ಪಾಯಿಂಟೂ ಬೆಸೆದುಕೊಳ್ಳುತ್ತದೆ. ನಿಮಗೆ ದೋಷ ತಿಳಿಯುವುದೇ ಇಲ್ಲ.

ಬೆಂಗಳೂರಿನಲ್ಲಿ ಸಾದರ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರೋಡಿನ ಬಿಡಿಭಾಗಗಳ ಅಂಗಡಿಗಳಲ್ಲಿ ಕೇಳಬಹುದು. ಬೇರೆ ಊರುಗಳಲ್ಲಿ ಮಿಕ್ಸಿ, ಫ್ಯಾನ್ ರಿಪೇರಿಯ ಸಾಮಾನು ಮಾರುವವರಲ್ಲಿ ವಿಚಾರಿಸಬೇಕು. ಬೆಲೆ ದೊಡ್ಡದಲ್ಲ. ಹಾಗಿದ್ದೂ ಡಬ್ಬಿಯಲ್ಲಿ ರಾಶಿ ಹಾಕಿ ಹಿಡಿಗಟ್ಟಲೆ ಮಾರುವ, ಮುದ್ರಣ ಉಗುರಿಗೇ ಕೆರೆದುಹೋಗುವ ಸರಕನ್ನು ನಾನು ಮುಟ್ಟುವುದಿಲ್ಲ. ಕಡಿಯಬೇಕಾದಾಗ ಕಡಿಯುವುದೋ ಇಲ್ಲವೋ ಎಂದು ಹಾಕುವ ಮೊದಲು ಪರೀಕ್ಷಿಸಲಾಗದ ವಸ್ತುವಿದು, ಪರೀಕ್ಷಿಸಿದರೆ ಅದು ಮುಗಿಯಿತು. ಅಕ್ಷರ ಪೂರ್ತಿ ಅಳಿಸಿದ್ದರೆ ಅಂದಾಜಿನ ಮೇಲೆ ಹಾಕಬೇಡಿ. ಉಪಕರಣದ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬಿಡಿಭಾಗ ಕೇಳಿ, ಅಥವಾ ಅದೇ ಮಾದರಿಯ ಇನ್ನೊಂದು ಹಳೆಯ ಉಪಕರಣ ಸಿಕ್ಕರೆ ಅದರದನ್ನು ಓದಿ ನೋಡಿ.

ಪ್ರಶ್ನೆ: ಮಿಕ್ಸಿ ನಿಂತರೆ ಅದರ ಥರ್ಮಲ್ ಫ್ಯೂಸನ್ನೂ ಹೀಗೆಯೇ ಬದಲಿಸಬೇಕೇ? (ಗೃಹಿಣಿ, ಧಾರವಾಡ)

ಉತ್ತರ: ಮೊದಲು ಮಿಕ್ಸಿಯನ್ನು ಮಗುಚಿ ತಳ ನೋಡಿ. ಅಲ್ಲಿರುವ ಕೆಂಪು ಗುಂಡಿ ಓವರ್‌ಲೋಡ್ ಸ್ವಿಚ್ಚು, ಫ್ಯೂಸಲ್ಲ. ಪ್ಲಗ್ ಕಿತ್ತು, ಹತ್ತು ಹದಿನೈದು ನಿಮಿಷ ತಣಿಯಲು ಬಿಟ್ಟು, ಗುಂಡಿ ಒತ್ತಿದರೆ ಬಹುಪಾಲು ಮಿಕ್ಸಿಗಳು ಮತ್ತೆ ಓಡುತ್ತವೆ. ಚಟ್ನಿ ಗಟ್ಟಿಯಾಗಿದ್ದರೆ ಎರಡು ಚಮಚ ನೀರು ಹಾಕಿ.

ಪ್ರಶ್ನೆ: ಇಲ್ಲಿ ಬಟ್ಟೆ ಒಣಗಿಸುವ ಡ್ರೈಯರಿನ ಥರ್ಮಲ್ ಫ್ಯೂಸು ಹೋಗಿದೆ. ಅದರ ಮೇಲೆ 196 ಎಂದಿದೆ. ಊರಿಗೆ ಬಂದಾಗ 196 ಡಿಗ್ರಿಯದು ತರಬಹುದೇ? (ಓದುಗರು, ಟೆಕ್ಸಾಸ್)

ಉತ್ತರ: ತರಬೇಡಿ. ಅದು ಫ್ಯಾರನ್‌ಹೀಟ್ ಲೆಕ್ಕ, ಸೆಲ್ಸಿಯಸ್‌ನಲ್ಲಿ ಸುಮಾರು 91 ಡಿಗ್ರಿ; ನಮ್ಮ ಅಂಗಡಿಗಳಲ್ಲಿ ಸಿಗುವ ಫ್ಯೂಸುಗಳ ಮೇಲಿನ ಅಂಕಿ ಸೆಲ್ಸಿಯಸ್‌ನದು. ಡ್ರೈಯರಿನ ಮಾದರಿ ಸಂಖ್ಯೆ ಕೊಟ್ಟು ಅಲ್ಲಿಯೇ ಕೊಳ್ಳಿ. ಹಾಕುವ ಮೊದಲು ಯಂತ್ರದ ಹಿಂದಿನ ಕೊಳವೆಯನ್ನು ಕಳಚಿ, ಗೋಡೆಯ ಹೊರಬಾಯಿಯವರೆಗೂ ಕೈ ಬ್ರಷ್ ಹಾಕಿ ಬಟ್ಟೆಯ ಜುಂಜನ್ನೆಲ್ಲ ತೆಗೆಯಿರಿ. ಡ್ರೈಯರಿನ ಫ್ಯೂಸು ಹೋಗುವುದು ಹೆಚ್ಚಾಗಿ ಆ ಜುಂಜು ಬಿಸಿಗಾಳಿಗೆ ದಾರಿ ಕಟ್ಟುವುದರಿಂದ, ಮತ್ತು ಬೆಂಕಿ ಹತ್ತಿಕೊಳ್ಳುವುದೂ ಅದಕ್ಕೇ.